ನೆರೆ ಬಂದ ವರ್ಷದ ಮಕ್ಕಳು: ಎಪಿಜೆನೆಟಿಕ್ಸ್ ಅಧ್ಯಯನದಲ್ಲಿ ಸೆಲೆಕ್ಷನ್ ಬಯಾಸ್ ಹಿಡಿಯುವುದು ಹೇಗೆ?

ಮೀಥೈಲೇಶನ್, ಅಂದರೆ ಡಿಎನ್‌ಎ ಮೇಲೆ ಕೂರುವ ಮೀಥೈಲ್ ಎಂಬ ರಾಸಾಯನಿಕ ಗುರುತುಗಳ, ಅಧ್ಯಯನ ಮಾಡಲು ಹೊರಟವರು ಮೊದಲು ವಿಚಾರಿಸುವುದು ಆ ಗುರುತುಗಳನ್ನು ಓದುವ ಚಿಪ್ ಬಗ್ಗೆ. ಯಾವ ಚಿಪ್, ಒಂದು ಸ್ಯಾಂಪಲ್‌ಗೆ ಎಷ್ಟು ದುಡ್ಡು, ಯಾವ ಲ್ಯಾಬ್. ಅದನ್ನು ಆಮೇಲೆ ವಿಚಾರಿಸಿದರೂ ನಡೆಯುತ್ತದೆ. ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ನನ್ನ ಟ್ಯೂಬಿಗೆ ಯಾರ ರಕ್ತ ಬರುತ್ತದೆ, ಯಾರದು ಬರುವುದಿಲ್ಲ? ಬಂದವರು ಬಾರದವರಿಗಿಂತ ಬೇರೆ ಥರದವರಾಗಿದ್ದು ಫಲಿತಾಂಶವೇ ವಾಲುವುದಕ್ಕೆ ಸೆಲೆಕ್ಷನ್ ಬಯಾಸ್ ಎನ್ನುತ್ತಾರೆ.

ಜನರಿಂದ ಸ್ಯಾಂಪಲ್ ತೆಗೆಯುವ ಎಲ್ಲ ಅಧ್ಯಯನಕ್ಕೂ ಈ ಕಾಟ ಇದ್ದದ್ದೇ. ಇಂಥ ಗುರುತುಗಳನ್ನು ಅಭ್ಯಾಸ ಮಾಡುವ ಎಪಿಜೆನೆಟಿಕ್ಸ್‌ನಲ್ಲಿ ಮಾತ್ರ ಸ್ವಲ್ಪ ಜಾಸ್ತಿ. ಡಿಎನ್‌ಎ ಅಕ್ಷರಗಳು ಹುಟ್ಟಿನಿಂದ ಸಾವಿನ ತನಕ ಹೆಚ್ಚುಕಡಿಮೆ ಹಾಗೇ ಇರುತ್ತವೆ. ಅವುಗಳ ಮೇಲೆ ಕೂರುವ ಮೀಥೈಲ್ ಗುರುತು ಹಾಗಲ್ಲ. ವಯಸ್ಸು, ಬೀಡಿ, ಕಾಯಿಲೆ, ಊಟ, ರಕ್ತದಲ್ಲಿ ಯಾವ ಕಣ ಎಷ್ಟಿದೆ ಎಂಬುದು ಎಲ್ಲವೂ ಅದರಲ್ಲಿ ಕಾಣುತ್ತದೆ. ಅಧ್ಯಯನಕ್ಕೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದೂ ಬಹಳ ಸಲ ಇವುಗಳಿಂದಲೇ ನಿರ್ಧಾರವಾಗುತ್ತದೆ. ಎಎಚ್‌ಆರ್‌ಆರ್ ಜೀನಿನಲ್ಲಿರುವ ಸಿಜಿ05575921 ಎಂಬ ತಾಣ ನೋಡಿ. ಸೇದುವವರಲ್ಲಿ ಅಲ್ಲಿ ಮೀಥೈಲೇಶನ್ ಇಳಿದಿರುತ್ತದೆ. ಇದು ಮತ್ತೆ ಮತ್ತೆ ಖಚಿತವಾದ ಸಂಗತಿ. ಸೇದುವವರು ನಿಮ್ಮ ಕ್ಯಾಂಪಿಗೆ ಕಡಿಮೆ ಬಂದರೆ, ಆ ತಾಣದ ಸರಾಸರಿ ಅಲ್ಲೇ ಮೇಲೇರಿತು.

ಸ್ಯಾಂಪಲ್ ಹೆಚ್ಚಿಸಿದರೆ ಸರಿಹೋಗುತ್ತದೆ ಎಂದು ಕೆಲವರು ನಂಬುತ್ತಾರೆ. ಹೋಗುವುದಿಲ್ಲ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ದೊಡ್ಡ ಆರೋಗ್ಯ ಅಧ್ಯಯನ 2006ರಿಂದ 2010ರವರೆಗೆ ಸುಮಾರು 92 ಲಕ್ಷ ಜನರನ್ನು ಕರೆಯಿತು. ಬಂದವರು ಸುಮಾರು 5 ಲಕ್ಷ, ಅಂದರೆ ಶೇ. 5.5. ಅವರು ಉಳಿದ ಜನರಿಗಿಂತ ಕಡಿಮೆ ಸೇದುವವರು, ಹೆಚ್ಚು ಅನುಕೂಲಸ್ಥರು, ಹೆಚ್ಚು ಆರೋಗ್ಯವಂತರು. 5 ಲಕ್ಷ ಜನ ಸೇರಿದರೂ ವಾಲಿದ್ದು ವಾಲಿಯೇ ಇತ್ತು.

ಈ ಮಾರ್ಗದರ್ಶಿಗೆ ನಮ್ಮ ಕಡೆಯದೇ ಒಂದು ಕಲ್ಪಿತ ಅಧ್ಯಯನ ಇಟ್ಟುಕೊಳ್ಳೋಣ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು. ಚಿಕ್ಕೋಡಿ, ಗೋಕಾಕ, ರಾಮದುರ್ಗ, ಮುಧೋಳ, ಜಮಖಂಡಿ ಕಡೆ ಊರೂರೇ ಮುಳುಗಿದವು. ಪಟ್ಟದಕಲ್ಲಿನ ಗುಡಿಗಳಿಗೂ ನೀರು ನುಗ್ಗಿತು. ಆಗ ಹೊಟ್ಟೆಯಲ್ಲಿದ್ದ ಮಕ್ಕಳ ಮೀಥೈಲೇಶನ್ ಬದಲಾಗಿದೆಯೇ? ಇದು ಕೇಳಲು ಅರ್ಹವಾದ ಪ್ರಶ್ನೆಯೇ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹಿಮಬಿರುಗಾಳಿಯಿಂದ ವಾರಗಟ್ಟಲೆ ಕರೆಂಟ್ ಇರಲಿಲ್ಲ. ಆಗ ಗರ್ಭಿಣಿಯರಾಗಿದ್ದವರ 36 ಮಕ್ಕಳ ರಕ್ತವನ್ನು ಮಕ್ಕಳಿಗೆ 13 ವರ್ಷವಾದಾಗ ಪರೀಕ್ಷಿಸಿದರು. ತಾಯಿ ಪಟ್ಟ ಕಷ್ಟಕ್ಕೂ ಮಕ್ಕಳ ಟಿ ಕಣಗಳ (ಒಂದು ಬಗೆಯ ಬಿಳಿ ರಕ್ತಕಣ) ಮೀಥೈಲೇಶನ್‌ಗೂ ನಂಟು ಕಂಡಿತು. ನಮ್ಮಲ್ಲೂ ಮಾಡಬಹುದು. ಆದರೆ ಹಾದಿಯಲ್ಲಿ ಹಳ್ಳಗಳಿವೆ.

ಹಂತ 1: ಯಾರ ಬಗ್ಗೆ ಹೇಳಲು ಹೊರಟಿದ್ದೀರಿ?

ಒಂದೇ ವಾಕ್ಯದಲ್ಲಿ ಬರೆಯಿರಿ. ‘ನೆರೆಪೀಡಿತ ಮಕ್ಕಳು’ ಎಂದರೆ ಸಾಲದು. ‘2019ರ ಆಗಸ್ಟ್ ಮೊದಲೆರಡು ವಾರ ಇಂತಿಂಥ ತಾಲ್ಲೂಕಿನ ನದಿದಂಡೆಯ ಊರುಗಳಲ್ಲಿ ಇದ್ದ ಗರ್ಭಿಣಿಯರಿಗೆ ಹುಟ್ಟಿದ ಎಲ್ಲ ಮಕ್ಕಳು’ ಎಂದು ಬರೆದರೆ ಸರಿ. ಇದರಲ್ಲಿ ‘ಇದ್ದ’ ಎಂಬ ಮಾತು ಮುಖ್ಯ. ಅದಕ್ಕೇ ಮುಂದಿನ ಹಂತದಲ್ಲಿ ಗಂಟು ಬೀಳುತ್ತದೆ.

ಹಂತ 2: ಹೆಸರಿನ ಪಟ್ಟಿ ಎಲ್ಲಿಂದ ಬಂತು?

ಇಲ್ಲಿ ಅವಸರ ಬೇಡ. ನನ್ನ ಪ್ರಕಾರ ಇಡೀ ಅಧ್ಯಯನದಲ್ಲಿ ಅರ್ಧ ತಪ್ಪು ಇಲ್ಲೇ ಆಗಿಬಿಡುತ್ತದೆ.

ಸುಲಭಕ್ಕೆ ಸಿಗುವುದು ಪರಿಹಾರದ ಪಟ್ಟಿ. ಮನೆ ಬಿದ್ದದ್ದನ್ನು ಎ, ಬಿ, ಸಿ ಎಂದು ವಿಂಗಡಿಸಿ ದುಡ್ಡು ಕೊಟ್ಟಿದ್ದಾರೆ, ಹೆಸರು ಸಮೇತ ಇದೆ. ಆದರೆ ಅದು ಮನೆಯ ಹಾನಿಯ ಪಟ್ಟಿ, ಕಷ್ಟಪಟ್ಟವರ ಪಟ್ಟಿಯಲ್ಲ. ಬಾಡಿಗೆಗೆ ಇದ್ದವರು, ಹೊಲದ ಗುಡಿಸಿಲಿನಲ್ಲಿದ್ದವರು, ಉತಾರ ಇಲ್ಲದವರು ಅದರಲ್ಲಿ ಸಿಗುವುದು ಕಷ್ಟ. ಅಂದರೆ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರೇ ಪಟ್ಟಿಯ ಹೊರಗೆ.

ಎರಡನೆಯದು ತಾಯಿ ಕಾರ್ಡಿನ ದಾಖಲೆ. ಆಶಾ ಕಾರ್ಯಕರ್ತೆಯ ರಿಜಿಸ್ಟರ್‌ನಲ್ಲಿ ಗರ್ಭಿಣಿಯರ ಹೆಸರು, ಕೊನೆಯ ಮುಟ್ಟಿನ ದಿನ ಎರಡೂ ಇರುತ್ತವೆ. ಪರಿಹಾರದ ಪಟ್ಟಿಗಿಂತ ಇದು ಎಷ್ಟೋ ವಾಸಿ. ಆದರೆ ಹೆಸರು ಒಂದು ಊರಿನಲ್ಲಿ, ಹೆಂಗಸು ಇನ್ನೊಂದು ಊರಿನಲ್ಲಿ ಇರುವುದು ನಮ್ಮಲ್ಲಿ ಮಾಮೂಲು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾರೆ. ಗಂಡನ ಊರಿನಲ್ಲಿ ಉಳಿದವರನ್ನಷ್ಟೇ ಹಿಡಿದರೆ ನಿಮ್ಮ ಬಳಿ ಎರಡನೆಯ, ಮೂರನೆಯ ಮಕ್ಕಳೇ ಜಾಸ್ತಿ ಉಳಿಯುತ್ತಾರೆ. ಚೊಚ್ಚಲ ಮಕ್ಕಳ ಹುಟ್ಟಿನ ತೂಕ ಸರಾಸರಿಯಲ್ಲಿ ಕಡಿಮೆ. ತೂಕಕ್ಕೂ ಮೀಥೈಲೇಶನ್‌ಗೂ ನಂಟಿದೆ. ನೆರೆಗೆ ಸಂಬಂಧವೇ ಇಲ್ಲದ ವ್ಯತ್ಯಾಸ ಹೀಗೆ ಒಳಗೆ ನುಗ್ಗಿತು.

ಇನ್ನೊಂದು ಸಂಗತಿ ಪಂಚಾಂಗ ನೋಡದಿದ್ದರೆ ಹೊಳೆಯುವುದೇ ಇಲ್ಲ. 2019ರಲ್ಲಿ ನಾಗರ ಪಂಚಮಿ ಬಿದ್ದದ್ದು ಆಗಸ್ಟ್ 5ಕ್ಕೆ. ನೀರು ಏರಿದ್ದು ಅದೇ ವಾರ. ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವುದು ಉತ್ತರ ಕರ್ನಾಟಕದಲ್ಲಿ ಎಷ್ಟು ದೊಡ್ಡ ಸಂಗತಿ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಹಾಗಾಗಿ ಮನೆ ಮುಳುಗಿದ ಸೊಸೆ ಆ ವಾರ ತಾಳಿಕೋಟೆ ಕಡೆಯ ಒಣ ನೆಲದ ತವರಿನಲ್ಲಿ ಉಂಡಿ ತಿನ್ನುತ್ತಿದ್ದಿರಬಹುದು. ಮನೆ ಒಣಗಿದ್ದ ಸೊಸೆ ಮುಳುಗಿದ ತವರಿನಲ್ಲಿ ಸಿಕ್ಕಿಹಾಕಿಕೊಂಡಿರಬಹುದು. ‘ನಿಮ್ಮ ಊರು ಯಾವುದು’ ಎಂದು ಕೇಳಬೇಡಿ. ‘ಪಂಚಮಿ ಆದ ಮೇಲಿನ ಆ ವಾರ ರಾತ್ರಿ ಎಲ್ಲಿ ಮಲಗಿದ್ರಿ ಅಕ್ಕಾ?’ ಎಂದು ಕೇಳಿ. ಹಬ್ಬದ ಗುರುತಿಟ್ಟು ಕೇಳಿದರೆ ವರ್ಷಗಳಾದರೂ ಸರಿಯಾದ ಉತ್ತರ ಬರುತ್ತದೆ.

ವಲಸೆಯೂ ಇದೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವ ಕುಟುಂಬಗಳು ಬಹಳ. ತಾಂಡಾಗಳಿಂದಂತೂ ಕಬ್ಬು ಕಡಿಯಲು ಗಂಡ, ಹೆಂಡತಿ, ಮಕ್ಕಳು ಸಮೇತ ಹೋಗುತ್ತಾರೆ. ನೀವು ಕಾರ್ಖಾನೆ ಸೀಸನ್ನಿನಲ್ಲಿ ಊರಿಗೆ ಹೋದರೆ ಅವರ ಮನೆಗೆ ಬೀಗ. ‘ಎರಡು ಸಲ ಹೋದೆವು, ಸಿಗಲಿಲ್ಲ’ ಎಂದು ಹೆಸರು ಹೊಡೆದು ಹಾಕಿದರೆ ದುಡಿದು ತಿನ್ನುವ ಬಡವರೆಲ್ಲ ಹೊರಗುಳಿದರು. ಯುಗಾದಿ ಕಳೆದ ಮೇಲೆ ಹೋಗಿ.

ಲಾಕ್‌ಡೌನ್ ಮರೆಯಬೇಡಿ. ನೆರೆಯ ಹೊತ್ತಿಗೆ ಮೊದಲ ತಿಂಗಳುಗಳಲ್ಲಿದ್ದ ಗರ್ಭ ಹೆರಿಗೆಯಾದದ್ದು 2020ರ ಫೆಬ್ರವರಿಯಿಂದ ಮೇ ಒಳಗೆ. ಮಾರ್ಚ್ 25ಕ್ಕೆ ದೇಶವೇ ಬಂದ್ ಆಯಿತು, ವಲಸೆ ಹೋದವರು ಊರಿಗೆ ಮರಳಿದರು. ಆ ತಿಂಗಳುಗಳ ಹೆರಿಗೆ ರಿಜಿಸ್ಟರ್‌ನಲ್ಲಿ ನೆರೆಯನ್ನು ಕಣ್ಣಿಂದಲೂ ನೋಡದ ತಾಯಂದಿರು ಸೇರಿಕೊಂಡಿರುತ್ತಾರೆ. ನೆರೆಯಲ್ಲಿ ತುಂಬು ಗರ್ಭಿಣಿಯರಾಗಿದ್ದವರು ಹೆತ್ತದ್ದು 2019ರಲ್ಲೇ. ಆ ಗುಂಪಿನಲ್ಲಿ ಈ ಬೆರಕೆ ಇಲ್ಲ. ಎರಡು ಗುಂಪನ್ನು ಹೋಲಿಸಿ ‘ಮೊದಲ ತ್ರೈಮಾಸಿಕವೇ ಸೂಕ್ಷ್ಮ’ ಎಂದು ಬರೆಯುವ ಮುನ್ನ ಹತ್ತು ಸಲ ಯೋಚಿಸಿ.

ಗಡಿಯ ಮಾತನ್ನೂ ಹೇಳಿಬಿಡುತ್ತೇನೆ. ನಿಪ್ಪಾಣಿ, ಅಥಣಿ ಕಡೆಯವರಿಗೆ ಕೊಲ್ಹಾಪುರ, ಮಿರಜ, ಸಾಂಗಲಿ ಆಸ್ಪತ್ರೆಗಳೇ ಹತ್ತಿರ. ಅಲ್ಲಿ ಹುಟ್ಟಿದ ಮಗು ನಮ್ಮ ಆಸ್ಪತ್ರೆಯ ಪುಸ್ತಕದಲ್ಲಿ ಇರುವುದಿಲ್ಲ. ಪ್ರಶ್ನಾವಳಿ ಕನ್ನಡದಲ್ಲಿ ಮಾತ್ರ ಇದ್ದರೆ ಮರಾಠಿ ಮನೆಮಾತಿನವರು, ಉರ್ದು ಮನೆಮಾತಿನವರು ಅರ್ಧದಲ್ಲೇ ಬಿಟ್ಟೇಳುತ್ತಾರೆ. ಮೂರು ಭಾಷೆಯಲ್ಲೂ ಅಚ್ಚು ಹಾಕಿಸಿ.

ಹಂತ 3: ಬಾಣ ಎಳೆಯಿರಿ, ಲೆಕ್ಕ ಹಾಕಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ‘ನೆರೆ’, ಬಲಕ್ಕೆ ‘ಮೀಥೈಲೇಶನ್’, ಕೆಳಗೆ ‘ಅಧ್ಯಯನಕ್ಕೆ ಬಂದರು’ ಎಂದು ಬರೆಯಿರಿ. ಯಾವುದು ಯಾವುದನ್ನು ಬದಲಿಸುತ್ತದೋ ಅತ್ತ ಬಾಣ. ‘ಬಂದರು’ ಎಂಬುದಕ್ಕೆ ಎರಡೂ ಕಡೆಯಿಂದ ಬಾಣ ಬಂದು ತಾಗಿದರೆ ಅದು ಕೊಲೈಡರ್. ಬಂದವರನ್ನು ಮಾತ್ರ ನೋಡಿದ ಕೂಡಲೇ, ಇಲ್ಲದ ನಂಟು ಹುಟ್ಟಿಕೊಳ್ಳಬಹುದು. ಮೇಯೊ ಕ್ಲಿನಿಕ್ಕಿನ ಜೋಸೆಫ್ ಬರ್ಕ್‌ಸನ್ 1946ರಲ್ಲಿ ಆಸ್ಪತ್ರೆ ರೋಗಿಗಳ ಲೆಕ್ಕದಲ್ಲಿ ಇದನ್ನೇ ತೋರಿಸಿದ್ದರು.

ಲೆಕ್ಕ ಮಾಡಿ ನೋಡಿದರೇ ನಂಬಿಕೆ ಬರುವುದು. ಇದು ಪೂರ್ತಿ ಕಲ್ಪಿತ ಲೆಕ್ಕ. 1000 ಮಕ್ಕಳು. 500 ಜನರ ಮನೆ ಮುಳುಗಿತ್ತು, 500 ಜನರದು ಇಲ್ಲ. ಎರಡೂ ಗುಂಪಿನಲ್ಲಿ 100 ಮಕ್ಕಳಿಗೆ ಉಬ್ಬಸ ಇದೆ. ಉಬ್ಬಸ ಇದ್ದ ಮಕ್ಕಳಲ್ಲೆಲ್ಲ ಒಂದು ಮೀಥೈಲ್ ಗುರುತು ಇದೆ, ಉಳಿದವರಲ್ಲಿ ಇಲ್ಲ ಎಂದುಕೊಳ್ಳಿ. ಅಂದರೆ ಗುರುತು ಎರಡೂ ಕಡೆ ಶೇ. 20. ನೆರೆಗೂ ಅದಕ್ಕೂ ಸಂಬಂಧವೇ ಇಲ್ಲ.

ಈಗ ಕ್ಯಾಂಪ್ ಹಾಕಿದಿರಿ. ಮನೆ ಮುಳುಗಿದವರು ‘ಏನಾದರೂ ಪರಿಹಾರ ಸಿಗಬಹುದು’ ಎಂದು ಬಂದರು. ಉಬ್ಬಸದ ಮಕ್ಕಳ ತಾಯಂದಿರು ‘ಡಾಕ್ಟ್ರು ನೋಡ್ತಾರಂತ’ ಎಂದು ಬಂದರು. ಎರಡೂ ಕಾರಣ ಇದ್ದವರಲ್ಲಿ ಶೇ. 90, ಯಾವುದಾದರೂ ಒಂದಿದ್ದವರಲ್ಲಿ ಶೇ. 80, ಎರಡೂ ಇಲ್ಲದವರಲ್ಲಿ ಶೇ. 20 ಬಂದರು ಎನ್ನೋಣ. ಮುಳುಗಿದ ಮನೆಗಳಿಂದ ಉಬ್ಬಸದವರು 90, ಉಳಿದವರು 320. ಮುಳುಗದ ಮನೆಗಳಿಂದ ಉಬ್ಬಸದವರು 80, ಉಳಿದವರು 80.

ಈಗ ಗುರುತು ಎಷ್ಟು ಜನರಲ್ಲಿದೆ ನೋಡಿ. ಮುಳುಗಿದವರಲ್ಲಿ 410ಕ್ಕೆ 90, ಶೇ. 22. ಮುಳುಗದವರಲ್ಲಿ 160ಕ್ಕೆ 80, ಶೇ. 50! ನೆರೆಗೆ ಸಿಕ್ಕ ಮಕ್ಕಳಲ್ಲಿ ಗುರುತು ಅರ್ಧಕ್ಕಿಂತ ಕಡಿಮೆ ಎಂದು ಪ್ರಬಂಧ ಸಿದ್ಧವಾಯಿತು. ಪಿ ಮೌಲ್ಯ ಸಣ್ಣದಿರುತ್ತದೆ, ಅಂದರೆ ಇದು ಆಕಸ್ಮಿಕವಲ್ಲ ಎಂಬಂತೆ ಕಾಣುತ್ತದೆ. 1000ಕ್ಕೆ 570 ಜನ ಬಂದಿದ್ದಾರೆ, ಹಾಜರಿ ಬಗ್ಗೆ ಪರೀಕ್ಷಕರೂ ತಕರಾರು ತೆಗೆಯುವುದಿಲ್ಲ. ಇದರಲ್ಲಿ ನಿಜವಾದದ್ದು ಒಂದೂ ಇಲ್ಲ.

ಒಂದು ಸೂಕ್ಷ್ಮ ಹೇಳಲೇಬೇಕು. ಎರಡೂ ಕಾರಣಗಳು ತಮ್ಮ ಪಾಡಿಗೆ ತಾವು, ಗುಣಾಕಾರದ ಲೆಕ್ಕದಲ್ಲಿ ಕೆಲಸ ಮಾಡಿದರೆ ಆಡ್ಸ್ ರೇಶಿಯೊ (ಎರಡರ ನಡುವಿನ ನಂಟು ಅಳೆಯುವ ಅನುಪಾತ) ಕೆಡುವುದಿಲ್ಲ. ಉದಾಹರಣೆಗೆ, ಯಾವ ಕಾರಣವೂ ಇಲ್ಲದವರು ಶೇ. 20, ಒಂದೊಂದೇ ಇದ್ದವರು ಶೇ. 40, ಎರಡೂ ಇದ್ದವರು ಶೇ. 80 ಬಂದರೆ ತೊಂದರೆ ಇಲ್ಲ. ‘ಯಾವುದಾದರೂ ಒಂದು ಕಾರಣ ಸಾಕು’ ಎಂಬ ಥರದ ಆಯ್ಕೆಯೇ ಹೆಚ್ಚು ಕೆಡಿಸುವುದು. ನಮ್ಮ ಆರೋಗ್ಯ ಕ್ಯಾಂಪುಗಳು ಬಹುತೇಕ ಆ ಥರದವೇ.

ಹಂತ 4: ಹುಟ್ಟದೇ ಹೋದವರು

1944–45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಬರ ಬಿತ್ತು. ದಿನದ ರೇಶನ್ 1000 ಕ್ಯಾಲೊರಿಗಿಂತ ಕೆಳಗಿಳಿಯಿತು. ಆಗ ಗರ್ಭಕ್ಕೆ ಬಂದ 60 ಜನರನ್ನು ಅವರವರ ಒಡಹುಟ್ಟಿದವರ ಜೊತೆ ಹೋಲಿಸಿ 2008ರಲ್ಲಿ ಒಂದು ಪ್ರಬಂಧ ಬಂತು. ಆರು ದಶಕ ಕಳೆದರೂ ಐಜಿಎಫ್2 ಜೀನಿನಲ್ಲಿ ಮೀಥೈಲೇಶನ್ ಕಡಿಮೆ ಇತ್ತು. ಈ ವಿಷಯ ಓದುವವರಿಗೆಲ್ಲ ಮೊದಲು ಹೇಳಿಕೊಡುವ ಕಥೆ ಇದೇ.

2018ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರೇ ಇನ್ನೊಂದು ಸಾಧ್ಯತೆ ಮುಂದಿಟ್ಟರು. ಭ್ರೂಣಗಳಲ್ಲಿ ಮೀಥೈಲೇಶನ್ ಮೊದಲೇ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಹಸಿವಿನ ಗರ್ಭದಲ್ಲಿ ಕೆಲವು ಬಗೆಯ ಭ್ರೂಣಗಳು ಮಾತ್ರ ಉಳಿದಿದ್ದರೆ? ಆಗ ಬರವು ಗುರುತನ್ನು ಬದಲಿಸಬೇಕಾಗಿಯೇ ಇಲ್ಲ. ಜರಡಿ ಹಿಡಿದರೂ ಅದೇ ಚಿತ್ರ ಸಿಗುತ್ತದೆ. ಒಡಹುಟ್ಟಿದವರ ಜೊತೆ ಹೋಲಿಸಿದರೂ ಇದು ಬಗೆಹರಿಯುವುದಿಲ್ಲ, ಯಾಕೆಂದರೆ ಹೋಲಿಕೆಗೆ ಸಿಗುವವರು ಬದುಕಿ ಉಳಿದವರೇ.

ನಿಮ್ಮ ಅಧ್ಯಯನದಲ್ಲಿ ಇದಕ್ಕೆ ಮಾಡಬಹುದಾದದ್ದು: ಆಶಾ ರಿಜಿಸ್ಟರ್‌ನಲ್ಲಿ ದಾಖಲಾದ ಎಲ್ಲ ಗರ್ಭಗಳನ್ನೂ ಎಣಿಸಿ. ಗರ್ಭಪಾತ, ಸತ್ತು ಹುಟ್ಟಿದ ಮಗು, ಹುಟ್ಟಿದ ಮೇಲೆ ತೀರಿಕೊಂಡ ಮಗು, ಎಲ್ಲವನ್ನೂ ಮುಳುಗಿದ ಊರು, ಮುಳುಗದ ಊರು ಎಂದು ಬೇರೆ ಬೇರೆ ಬರೆಯಿರಿ. ತೀರಾ ಮೊದಲ ವಾರಗಳ ನಷ್ಟ ರಿಜಿಸ್ಟರ್‌ಗೆ ಬರುವುದಿಲ್ಲ ಎಂಬುದು ನೆನಪಿರಲಿ. ಮುಂದೆ ಹುಟ್ಟುವ ಮಕ್ಕಳ ಅಧ್ಯಯನ ಮಾಡುವವರಿಗೆ ಬೆಳಗಾವಿಯಲ್ಲೇ ಮಾದರಿ ಇದೆ. ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು ಗ್ಲೋಬಲ್ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಜಾಲದ ಕೇಂದ್ರ. ಅಲ್ಲಿ ಹಳ್ಳಿಗಳ ಗರ್ಭಿಣಿಯರನ್ನು ಆಸ್ಪತ್ರೆಗೆ ಬರುವ ಮೊದಲೇ, ಊರಿನಲ್ಲೇ ದಾಖಲು ಮಾಡಿಕೊಂಡು ಹೋಗುವ ರಿಜಿಸ್ಟ್ರಿ ಇದೆ. ಗರ್ಭ ಧರಿಸುವ ಮೊದಲೇ ಪೌಷ್ಟಿಕ ಆಹಾರ ಕೊಟ್ಟು ನೋಡಿದ ವುಮೆನ್ ಫಸ್ಟ್ ಪ್ರಯೋಗದ ನಾಲ್ಕು ದೇಶಗಳ ತಾಣಗಳಲ್ಲಿ ಬೆಳಗಾವಿಯೂ ಒಂದಾಗಿತ್ತು. ಬಾಗಿಲಿಗೆ ಬಂದವರನ್ನು ಹಿಡಿಯುವುದಕ್ಕಿಂತ ಇದು ಎಷ್ಟೋ ಭದ್ರ.

ಹಂತ 5: ಬಾರದವರಿಗೂ ಒಂದು ಪುಟ

ಇದಕ್ಕೆ ದುಡ್ಡು ಕಡಿಮೆ, ಫಲ ಜಾಸ್ತಿ. ರಕ್ತ ಕೊಡಲು ಒಪ್ಪದವರಲ್ಲಿ ಐದು ಪ್ರಶ್ನೆಗೆ ಮಾತ್ರ ಒಪ್ಪಿಗೆ ಕೇಳಿ: ತಾಯಿ ಎಷ್ಟು ಓದಿದ್ದಾರೆ, ಇದು ಎಷ್ಟನೆಯ ಮಗು, ಮನೆ ಮುಳುಗಿತ್ತೇ, ಮನೆಯಲ್ಲಿ ತಂಬಾಕು ಬಳಕೆ ಇದೆಯೇ, ಮಗುವಿಗೆ ಉಬ್ಬಸದಂಥ ಕಾಯಿಲೆ ಇದೆಯೇ. ಇದನ್ನು ಎಥಿಕ್ಸ್ ಕಮಿಟಿಗೆ ಕೊಡುವ ಅರ್ಜಿಯಲ್ಲೇ ಬರೆದುಬಿಡಿ. ಆಮೇಲೆ ಸೇರಿಸಲು ಹೋದರೆ ಕಮಿಟಿಯ ಮುಂದಿನ ಸಭೆವರೆಗೆ ಕಾಯಬೇಕಾಗುತ್ತದೆ.

ಆಶಾ ಮೂಲಕ ಕರೆಸುವಾಗ ಒಂದು ಎಚ್ಚರ. ಅವರ ಓಣಿಯವರು, ನಂಟರು ಮೊದಲು ಬರುತ್ತಾರೆ. ಸೋದರಮಾವನ ಜೊತೆ, ಅತ್ತೆಮಗನ ಜೊತೆ ಮದುವೆಯಾಗುವ ನಮ್ಮ ಕಡೆ ಒಂದು ಓಣಿ ಎಂದರೆ ಒಂದೇ ವಂಶವೂ ಆಗಿರಬಹುದು. ಬಹಳಷ್ಟು ಮೀಥೈಲ್ ಗುರುತುಗಳ ಮೇಲೆ ಪಕ್ಕದ ಡಿಎನ್‌ಎ ಅಕ್ಷರಗಳ ಪ್ರಭಾವ ಇರುತ್ತದೆ. ಹಾಗಾಗಿ ನಿಮ್ಮ 40 ಮಕ್ಕಳು ನಿಜಕ್ಕೆ 40 ಬೇರೆ ಬೇರೆ ಮಕ್ಕಳಲ್ಲದೇ ಇರಬಹುದು. ಪಟ್ಟಿಯಿಂದ ಚೀಟಿ ಎತ್ತಿ ಆರಿಸಿ, ಆ ಹೆಸರಿನವರನ್ನೇ ಕರೆಸಿ.

ಹಂತ 6: ಹೊಕ್ಕುಳಬಳ್ಳಿ ರಕ್ತ ತೆಗೆಯುವವರಿಗೆ

ಹೊಸ ಅಧ್ಯಯನಗಳಲ್ಲಿ ಹೆರಿಗೆ ಕೋಣೆಯಲ್ಲೇ ರಕ್ತ ತೆಗೆಯುತ್ತಾರೆ. ಪ್ರಾಜೆಕ್ಟ್ ನರ್ಸ್ ಬೆಳಿಗ್ಗೆ 9ಕ್ಕೆ ಬಂದು ಸಂಜೆ 5ಕ್ಕೆ ಹೋದರೆ, ಮೊದಲೇ ಗೊತ್ತುಮಾಡಿ ಹಗಲು ನಡೆಸುವ ಸಿಸೇರಿಯನ್‌ಗಳು ಜಾಸ್ತಿ ಸಿಗುತ್ತವೆ. ನೋವು ತಿಂದು ಹೆತ್ತವರ ಮಕ್ಕಳ ಹೊಕ್ಕುಳಬಳ್ಳಿ ರಕ್ತದಲ್ಲಿ ಬಿಳಿ ರಕ್ತಕಣ ಹೆಚ್ಚಿರುತ್ತವೆ. ಕಣಗಳ ಪಾಲು ಬದಲಾದರೆ ಮೀಥೈಲೇಶನ್ ಸರಾಸರಿಯೂ ಬದಲಾದಂತೆ. ತೀರಾ ಚಿಕ್ಕ ಮಗುವಿನ, ಅವಸರದ ಹೆರಿಗೆಯ ಟ್ಯೂಬು ಖಾಲಿ ಉಳಿಯುತ್ತದೆ, ಅಲ್ಲಿ ಯಾರಿಗೂ ಟ್ಯೂಬಿನ ನೆನಪಿರುವುದಿಲ್ಲ, ಇರಲೂಬಾರದು. ರಾತ್ರಿಪಾಳಿಗೆ ಇನ್ನೊಬ್ಬರನ್ನು ಇಡಲು ಆಗದಿದ್ದರೆ ವಾರದಲ್ಲಿ ಕೆಲವು ರಾತ್ರಿಗಳನ್ನು ಚೀಟಿ ಎತ್ತಿ ಆರಿಸಿ. ಪ್ರತಿ ಹೆರಿಗೆಯ ಸಮಯವನ್ನೂ ಬಗೆಯನ್ನೂ, ರಕ್ತ ಸಿಗಲಿ ಬಿಡಲಿ, ಬರೆದಿಡಿ.

ಹಂತ 7: ಲ್ಯಾಬಿನ ಒಳಗೂ ಆಯ್ಕೆ ನಡೆಯುತ್ತದೆ

ಎಪಿಕ್ ಎಂಬ ಮೀಥೈಲೇಶನ್ ಚಿಪ್‌ನ ಒಂದು ಸ್ಲೈಡಿನಲ್ಲಿ 8 ಸ್ಯಾಂಪಲ್ ಕೂರುತ್ತವೆ. ಮುಳುಗಿದ ಊರಿನವು ಒಂದು ಸ್ಲೈಡ್, ಮುಳುಗದವು ಇನ್ನೊಂದು ಎಂದು ಮಾಡಿದರೆ ಸ್ಲೈಡುಗಳ ನಡುವಿನ ವ್ಯತ್ಯಾಸವೇ ನೆರೆಯ ಪರಿಣಾಮದಂತೆ ಕಾಣುತ್ತದೆ, ಮುಗಿಯಿತು ಕಥೆ. ಬೆರೆಸಿ ಹಾಕಿ. ಇದು ಎಲ್ಲರಿಗೂ ಗೊತ್ತು.

ಕ್ವಾಲಿಟಿ ಚೆಕ್‌ನಲ್ಲಿ ಬಿದ್ದುಹೋದ ಸ್ಯಾಂಪಲ್‌ಗಳ ವಿಚಾರ ಅಷ್ಟು ಗೊತ್ತಿಲ್ಲ. ಡಿಎನ್‌ಎ ಸಾಲದ್ದು, ಸಿಗ್ನಲ್ ಕಡಿಮೆ ಇದ್ದದ್ದು, ಗಂಡು-ಹೆಣ್ಣು ತಾಳೆಯಾಗದ್ದು, ಇವನ್ನು ತೆಗೆದು ಹಾಕುತ್ತೇವೆ. ಒಂದು ಸಾಲಿನಲ್ಲಿ ‘ಇಷ್ಟು ಸ್ಯಾಂಪಲ್ ಕೈಬಿಡಲಾಯಿತು’ ಎಂದು ಮುಗಿಸುತ್ತೇವೆ. ಊರುವಾರು ಬಿಡಿಸಿ ನೋಡಿ. ಕರೆಂಟ್ ಕೈಕೊಡುವ ಪಿಎಚ್‌ಸಿಯಿಂದ, ದೂರದ ಊರಿನಿಂದ ಬಂದ ಟ್ಯೂಬುಗಳೇ ಹೆಚ್ಚು ಬಿದ್ದಿದ್ದರೆ ಅದೂ ಆಯ್ಕೆಯೇ.

ದುಡ್ಡು ಸಾಲದೆ ಒಂದು ಭಾಗವನ್ನಷ್ಟೇ ಚಿಪ್‌ಗೆ ಹಾಕುವಾಗಲೂ ಹುಷಾರು. ಬ್ರಿಟನ್ನಿನ ಬ್ರಿಸ್ಟಲ್ ಕಡೆ ತಾಯಿ-ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಲ್‌ಸ್ಪ್ಯಾಕ್ ಅಧ್ಯಯನದಲ್ಲಿ ಎಲ್ಲ ಹಂತದ ಸ್ಯಾಂಪಲ್ ಇದ್ದ 1018 ತಾಯಿ-ಮಗು ಜೋಡಿಗಳನ್ನು ಮೀಥೈಲೇಶನ್‌ಗೆ ಆರಿಸಿದರು. ಮೂಲ ಗುಂಪಿಗಿಂತ ಆ ತಾಯಂದಿರ ವಯಸ್ಸು ಸ್ವಲ್ಪ ಹೆಚ್ಚು, ಗರ್ಭಿಣಿಯಾಗಿದ್ದಾಗ ಸೇದಿದವರು ಕಡಿಮೆ. ಅವರು ಅದನ್ನು ಬಚ್ಚಿಡದೆ ಪ್ರಕಟಿಸಿದರು. ‘ಪೂರ್ತಿ ಡೇಟಾ ಇದ್ದವರು ಮಾತ್ರ’ ಎಂಬ ನಿಯಮ ನಿರಪಾಯವಾಗಿ ಕಾಣುತ್ತದೆ, ಆದರೆ ವರ್ಷಗಟ್ಟಲೆ ಬಿಡದೆ ಬಂದವರು ಎಲ್ಲರಂಥವರಲ್ಲ.

ಹಂತ 8: ವಿಶ್ಲೇಷಣೆ

ಹಂತ 5ರ ಪುಟ ಇದ್ದರೆ ತೂಕ ಕೊಡಬಹುದು. ಬರುವ ಸಾಧ್ಯತೆ ಎಷ್ಟಿತ್ತೋ ಅದರ ತಲೆಕೆಳಗು ಸಂಖ್ಯೆಯೇ ತೂಕ. ಮೇಲಿನ ಲೆಕ್ಕದಲ್ಲಿ ಯಾವ ಕಾರಣವೂ ಇಲ್ಲದೆ ಬಂದ ಪ್ರತಿಯೊಬ್ಬರೂ ಐದು ಜನರ ಪರವಾಗಿ ನಿಲ್ಲುತ್ತಾರೆ. 80 ಜನ 400 ಆಗುತ್ತಾರೆ, 320 ಜನ 400 ಆಗುತ್ತಾರೆ, ಉಬ್ಬಸದ 90 ಮತ್ತು 80 ಎರಡೂ 100 ಆಗುತ್ತವೆ. ಎರಡೂ ಕಡೆ ಶೇ. 20ಕ್ಕೆ ವಾಪಸ್. ಇದು ಸಾಧ್ಯವಾದದ್ದು ಬಾರದವರಲ್ಲಿ ಉಬ್ಬಸ ಎಷ್ಟಿದೆ ಎಂದು ಗೊತ್ತಿದ್ದರಿಂದ. ಕೇಳದೇ ಬಿಟ್ಟ ಪ್ರಶ್ನೆಗೆ ಯಾವ ಸಾಫ್ಟ್‌ವೇರೂ ತೂಕ ಕೊಡಲಾರದು.

ಸಿಕ್ಕಿದ್ದನ್ನೆಲ್ಲ ಮಾಡೆಲ್‌ಗೆ ತುಂಬುವ ಚಟ ಬಿಡಿ. ಹುಟ್ಟಿನ ತೂಕ, ಹೆರಿಗೆಯ ವಾರ ಇವು ನೆರೆಯ ನಂತರ ಆದವು. ಅವನ್ನು ಸುಮ್ನೆ ಸೇರಿಸಿದರೆ ನೀವೇ ಹೊಸ ಕೊಲೈಡರ್ ಸೃಷ್ಟಿಸಿದಂತೆ ಆಗಬಹುದು. ಸೇದುವ ತಾಯಂದಿರ ಕಡಿಮೆ ತೂಕದ ಮಕ್ಕಳು ಸೇದದವರ ಕಡಿಮೆ ತೂಕದ ಮಕ್ಕಳಿಗಿಂತ ಕಡಿಮೆ ಸಾಯುತ್ತಾರೆ ಎಂಬ ವಿಚಿತ್ರ ಫಲಿತಾಂಶ ದಶಕಗಟ್ಟಲೆ ಜನರ ತಲೆ ಕೆಡಿಸಿದ್ದು ಇದೇ ಕಾರಣಕ್ಕೆ. ರಕ್ತಕಣಗಳ ಪಾಲಿನ ವಿಚಾರವೂ ಹಾಗೇ. ಅದನ್ನು ಸೇರಿಸುವುದು ವಾಡಿಕೆ, ಬಹುತೇಕ ಬೇಕೂ ಬೇಕು. ಆದರೆ ನೆರೆಯ ಒತ್ತಡವೇ ಕಣಗಳ ಪಾಲನ್ನು ಬದಲಿಸಿದ್ದರೆ? ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ, ಎರಡನ್ನೂ ತೋರಿಸಿ.

ವಯಸ್ಸಾದವರಲ್ಲಿ ಎಪಿಜೆನೆಟಿಕ್ ಗಡಿಯಾರ (ಮೀಥೈಲ್ ಗುರುತು ನೋಡಿ ವಯಸ್ಸು ಅಂದಾಜಿಸುವ ಲೆಕ್ಕ) ಬಳಸುವವರಿಗೆ ಇನ್ನೊಂದು ಮಾತು. ಸಂಶೋಧಕ ಸ್ಟೀವ್ ಹಾರ್ವತ್ 2013ರಲ್ಲಿ 353 ತಾಣಗಳಿಂದ ಕಟ್ಟಿದ ಗಡಿಯಾರದಲ್ಲಿ ವೇಗವಾಗಿ ಮುಪ್ಪಾದವರು ಬೇಗ ಸಾಯುವ ಸಾಧ್ಯತೆ ಹೆಚ್ಚು ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ಹಾಗಿದ್ದರೆ 80 ದಾಟಿದವರ ನಿಮ್ಮ ಗುಂಪಿನಲ್ಲಿ ನಿಧಾನದ ಗಡಿಯಾರದವರೇ ಹೆಚ್ಚು ಉಳಿದಿರುತ್ತಾರೆ. ನಿಪ್ಪಾಣಿಯ ತಂಬಾಕು ಕೆಲಸದ ಹೆಂಗಸರ ಅಧ್ಯಯನಕ್ಕೂ ಇದು ಅನ್ವಯಿಸುತ್ತದೆ. ಕೆಮ್ಮು ಜೋರಾದವರು ಕೆಲಸ ಬಿಟ್ಟು ಮನೆಯಲ್ಲಿರುತ್ತಾರೆ, ಗೋದಾಮಿನಲ್ಲಿ ನಿಮಗೆ ಸಿಗುವವರು ತಾಳಿಕೊಂಡವರು. ಕೆಲಸ ಬಿಟ್ಟವರ ಮನೆಗೂ ಹೋಗಿ.

ಹಂತ 9: ಬರೆಯುವಾಗ

ಪ್ರಬಂಧದ ಮೊದಲ ಚಿತ್ರವೇ ಲೆಕ್ಕದ್ದಾಗಿರಲಿ: ರಿಜಿಸ್ಟರ್‌ನಲ್ಲಿ ಎಷ್ಟು ಗರ್ಭ, ಎಷ್ಟು ಜೀವಂತ ಹೆರಿಗೆ, ಎಷ್ಟು ಮನೆ ಪತ್ತೆ, ಎಷ್ಟು ಒಪ್ಪಿಗೆ, ಎಷ್ಟು ರಕ್ತ, ಎಷ್ಟು ಚಿಪ್, ಎಷ್ಟು ಉಳಿಯಿತು. ಪ್ರತಿ ಸಾಲಿನಲ್ಲೂ ಮುಳುಗಿದವರು, ಮುಳುಗದವರು ಎಂದು ಎರಡು ಅಂಕಿ. ಮಿತಿಗಳ ಭಾಗದಲ್ಲಿ ‘ಸೆಲೆಕ್ಷನ್ ಬಯಾಸ್ ಇರಬಹುದು’ ಎಂದು ಬರೆದು ಕೈತೊಳೆದುಕೊಳ್ಳುವುದನ್ನು ಎಲ್ಲೆಡೆ ನೋಡುತ್ತೇವೆ. ಅದರಿಂದ ಓದುವವರಿಗೆ ಏನೂ ಸಿಗುವುದಿಲ್ಲ. ಯಾವ ಕಡೆಗೆ ಎಷ್ಟು ವಾಲಿರಬಹುದು ಎಂದು ಬರೆಯಿರಿ: ‘ವಲಸೆ ಕುಟುಂಬಗಳ ಮೂರನೇ ಒಂದು ಭಾಗ ಸಿಕ್ಕಿಲ್ಲ. ಅವರಲ್ಲಿ ಈ ಗುರುತು ಬಂದವರಿಗಿಂತ ಎರಡು ಪಟ್ಟು ಇದ್ದರೆ ನಮ್ಮ ಫಲಿತಾಂಶ ಇಷ್ಟಕ್ಕೆ ಇಳಿಯುತ್ತದೆ.’ ಆ ‘ಇಷ್ಟಕ್ಕೆ’ ಎಂಬಲ್ಲಿ ಅಂಕಿ ತುಂಬಲು ಅರ್ಧ ದಿನದ ಲೆಕ್ಕ ಸಾಕು. ಗೈಡ್ ಬೇಡವೆಂದರೂ ಕೋಷ್ಟಕವನ್ನು ಅನುಬಂಧದಲ್ಲಾದರೂ ಹಾಕಿಸಿ.